ಬೆರಳ ಗೆಣ್ಣಿನ ಸದ್ದು

ಒಳಗೆ ಹೋಗದೆ ಹೀಗೇ ಮೆಟ್ಟಿಲಿಳಿದು ಮನೆಗೆ ಹೋಗಿಬಿಟ್ಟರೆ? ಗೈರುಹಾಜರಿ ಎಂದು ಬರೆದುಕೊಳ್ಳುತ್ತಾರೆ, ಅಷ್ಟೇ. ಒಳಗೆ ಹೋಗಿ ಬಾಯಿ ಬಿಡದೆ ಕೂತರೂ ಸಿಗುವುದು ಸೊನ್ನೆಯೇ. ಎರಡೂ ಕಡೆ ಸೊನ್ನೆಯೇ ಆದಮೇಲೆ ಮಾನ ಉಳಿಸಿಕೊಂಡು ಹೋಗುವುದೇ ವಾಸಿಯಲ್ಲವೇ?

ಕಾಲೇಜಿನ ಮೇಲ್ಮಹಡಿಯ ಓಣಿಯಂಥ ಪಡಸಾಲೆಯಲ್ಲಿ, ಬೆಂಚಿನ ಮೇಲೆ ಕೂತು ಅವನು ಯೋಚಿಸುತ್ತಿದ್ದ. ಬಾಗಿಲಿನಾಚೆ ಪ್ರಾಥಮಿಕ ಜರ್ಮನ್‌ನ ಮೌಖಿಕ ಪರೀಕ್ಷೆ ನಡೆಯುತ್ತಿತ್ತು. ಬರೆಯುವುದರಲ್ಲಿ ಅವನು ತರಗತಿಗೇ ಮೊದಲಿಗ. ಮೌಖಿಕದಲ್ಲಿ ಮಾತ್ರ ಕಳೆದ ವರ್ಷ ತುಟಿ ಪಿಟಕ್ಕೆನ್ನದೆ ಎದ್ದು ಬಂದಿದ್ದ. ಈ ಸಲವೂ ಹಾಗಾದರೆ ಮುಂದಿನ ಹಂತಕ್ಕೆ ಸೇರಿಸಿಕೊಳ್ಳುವುದಿಲ್ಲ. ಜರ್ಮನ್ ಅಲ್ಲಿಗೇ ಮುಗಿಯುತ್ತದೆ.

ಬೆಳಿಗ್ಗೆ ಅಕ್ಕ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಕೇಳಿದ್ದಳು: "ಏನೋ ಮೌನಿ ಮಹಾರಾಜ, ಇವತ್ತಾದ್ರೂ ಬಾಯಿಗೆ ಹಾಕಿರೋ ಹೊಲಿಗೆ ಬಿಚ್ತೀಯಾ?"

"ನೋಡೋಣ ಅಕ್ಕ."

"ಮನೇಲಿ ಎರಡು ಮಾತಿಗಿಂತ ಜಾಸ್ತಿ ಆಡಲ್ಲ. ಯಾರ ಭಾಷೇನೋ ಕಲೀತಾನಂತೆ!" ಎಂದು ನಕ್ಕು, ಅವನ ಅಂಗಿಯ ಸಡಿಲ ಗುಂಡಿಯನ್ನು ಬಿಗಿಯಾಗಿ ಹೊಲಿದುಕೊಟ್ಟಿದ್ದಳು.

ಅವನು ಆ ಭಾಷೆಗೆ ಅಂಟಿಕೊಂಡಿದ್ದು ಅದನ್ನು ಕಲಿಸುವ ಮೇಡಂ ದೆಸೆಯಿಂದ. ಬೇರೆ ಮೇಷ್ಟ್ರುಗಳು ಪ್ರಶ್ನೆ ಕೇಳಿ, ಉತ್ತರ ಬಾರದಿದ್ದರೆ ಪಕ್ಕದವನನ್ನು ಎಬ್ಬಿಸುತ್ತಿದ್ದರು. ಮೇಡಂ ಕೇಳಿ ಸುಮ್ಮನಾಗುತ್ತಿದ್ದರು. ಮುಖ ನೋಡಿದರೆ ಹುಡುಗರು ಕಂಗಾಲಾಗುತ್ತಾರೆಂದು ಕಿಟಕಿಯ ಕಡೆ ತಿರುಗಿ ನಿಲ್ಲುತ್ತಿದ್ದರು. ಆ ನಿಲುವಿನಲ್ಲಿ ಅವಸರವಿರಲಿಲ್ಲ, ಕನಿಕರವೂ ಇರಲಿಲ್ಲ. ಬಂದೇ ಬರುವ ಬಸ್ಸಿಗೆ ಕಾಯುವವರ ನೆಮ್ಮದಿ ಇತ್ತು.

ಜರ್ಮನಿಯ ಕಾಲೇಜುಗಳಲ್ಲಿ ಪಾಠ ಮುಗಿದಾಗ ಚಪ್ಪಾಳೆ ತಟ್ಟುವುದಿಲ್ಲ, ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ ಎಂದು ಅವರು ಹೇಳಿಕೊಟ್ಟ ಮೇಲೆ ಹುಡುಗರಿಗೆ ಹಬ್ಬ. ಪಾಠ ಮುಗಿಯುವುದೇ ತಡ, ಕೋಣೆ ಅದುರಿಹೋಗುತ್ತಿತ್ತು. ಒಮ್ಮೆ ಪಕ್ಕದ ಕೋಣೆಯ ಅರ್ಥಶಾಸ್ತ್ರದ ಮೇಷ್ಟ್ರು ಸೀಮೆಸುಣ್ಣ ಹಿಡಿದೇ ಓಡಿಬಂದರು.

"ಏನಮ್ಮಾ ಇದು, ಪಾಠಾನೋ ಬಡಗಿ ಅಂಗಡೀನೋ?"

"ಪಾಠಾನೇ ಸಾರ್. ಚೆನ್ನಾಗಿತ್ತಂತೆ."

ಎಲ್ಲರೂ ಕುಟ್ಟುವಾಗ ಅವನ ಕೈ ಮಾತ್ರ ಮೇಜಿನ ಕೆಳಗೇ ಇರುತ್ತಿತ್ತು. ಅಷ್ಟು ಗದ್ದಲದಲ್ಲಿ ತನ್ನ ಮೆಚ್ಚುಗೆಯನ್ನೂ ಸೇರಿಸಿದರೆ ಅದು ಹಗುರಾಗಿಬಿಡುತ್ತದೆ ಎಂದು ಅವನಿಗೆ ಅನಿಸುತ್ತಿತ್ತು.

ಬಾಗಿಲು ತೆರೆಯಿತು. ಜವಾನ ಅವನನ್ನು ಕರೆದ. ಕಾಲು ಮೆಟ್ಟಿಲ ಕಡೆ ಎಳೆದರೂ ಒಳಗೆ ಹೋದ.

ಹೊರಗಿನಿಂದ ಬಂದ ಪರೀಕ್ಷಕರು ದಪ್ಪ ಕನ್ನಡಕದ ಹಿರಿಯರು. ಪಕ್ಕದಲ್ಲಿ ಮೇಡಂ. ಅವರು ಹೇಳಿಕೊಡುವಂತಿಲ್ಲ. ನಿಮ್ಮ ಮನೆಯವರ ಬಗ್ಗೆ ಹೇಳಿ ಎಂದು ಪರೀಕ್ಷಕರು ಜರ್ಮನ್‌ನಲ್ಲಿ ಕೇಳಿದರು. ಅವನ ಬೆರಳು ಅಕ್ಕ ಹೊಲಿದ ಗುಂಡಿಯನ್ನು ತಿರುವತೊಡಗಿತು. ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು.

"ಮುಂದಿನವ್ರನ್ನ ಕರೆಯೋಣ್ವಾ ಮೇಡಂ? ಈ ಹುಡುಗನ ಬಾಯಿಗೆ ಬೀಗ ಬಿದ್ದಂಗಿದೆ."

"ಸ್ವಲ್ಪ ಇರಿ ಸಾರ್. ಇವನದು ನಿಧಾನ. ಇಲ್ಲ ಅಂತಲ್ಲ."

ಅಷ್ಟು ಹೇಳಿ ಮೇಡಂ ಎಂದಿನಂತೆ ಕಿಟಕಿಯ ಕಡೆ ತಿರುಗಿದರು.

ಅವನು ಅವರ ಕಿವಿಯ ಪಕ್ಕದ ನರೆಗೂದಲನ್ನೇ ನೋಡುತ್ತ ಕೂತ. ಆಮೇಲೆ ತನ್ನ ದನಿ ತನಗೇ ಕೇಳಿಸಿತು, ಜರ್ಮನ್‌ನಲ್ಲಿ: ನನಗೊಬ್ಬಳು ಅಕ್ಕ ಇದ್ದಾಳೆ. ಬಟ್ಟೆ ಹೊಲಿಯುತ್ತಾಳೆ. ಅವಳ ಯಂತ್ರ ಮಾತಾಡುತ್ತದೆ. ಅವಳೂ ಮಾತಾಡುತ್ತಾಳೆ. ನನಗೆ ಜಾಗ ಉಳಿಯುವುದಿಲ್ಲ.

ಪರೀಕ್ಷಕರು ಗೊಳ್ಳೆಂದು ನಕ್ಕರು. ಇನ್ನಷ್ಟು ಕೇಳಿದರು. ತಡವರಿಸುತ್ತ, ತಪ್ಪುತ್ತ, ಅವನು ಉತ್ತರ ಕೊಡುತ್ತಲೇ ಹೋದ.

"ಸಾಕಪ್ಪಾ, ಹೋಗು" ಎಂದಾಗ ಎದ್ದ. ಎದ್ದವನ ಕೈ ತಾನಾಗಿ ಮುಂದೆ ಬಂದು, ಬೆರಳ ಗೆಣ್ಣಿನಿಂದ ಮೇಜನ್ನು ಟಕ್ ಟಕ್ ಎಂದು ಕುಟ್ಟಿತು.

"ಇದೇನ್ರೀ ಇದು! ಪರೀಕ್ಷೆಗೆ ಕೂತವನೇ ತನಗೆ ತಾನೇ ಶಭಾಷ್ ಹೇಳ್ಕೊಳ್ತಾನೆ!" ಪರೀಕ್ಷಕರು ಬೆರಗಾದರು.

ಮೇಡಂ ನಗು ತಡೆಯಲಾರದೆ ಹೇಳಿದರು: "ಪಾಸಾದ್ಮೇಲೆ ಕುಟ್ಕೊಳ್ಳಪ್ಪಾ. ಈಗ್ಲೇ ಏನವಸರ?"

ಅವನು ಪಾಸಾದ. ಮುಂದಿನ ಹಂತವನ್ನೂ ಅವರ ಬಳಿಯೇ ಕಲಿತ. ಹೊಸಬರು ಬಂದಾಗಲೆಲ್ಲ ಮೇಡಂ ಅವನನ್ನು ತೋರಿಸಿ, ತನ್ನ ಬೆನ್ನು ತಾನೇ ತಟ್ಟಿಕೊಂಡ ಹುಡುಗನ ಕತೆ ಹೇಳುತ್ತಿದ್ದರು. ತರಗತಿ ನಗುತ್ತಿತ್ತು. ಅವನೂ ನಗುತ್ತಿದ್ದ. ಆ ಸದ್ದು ಮೇಡಂಗಾಗಿ ಮಾಡಿದ್ದೆಂದು ಅವನು ಎಂದೂ ಹೇಳಲಿಲ್ಲ.