ಠಾಣೆಯ ಮೂಲೆಯ ಹಾರ್ಮೋನಿಯಂ

“ಯೋನಾತಾನಪ್ಪ, ಇದನ್ನ ನುಡಿಸಾಕ ಬರ್ತೈತೇನು ನಿಮಗ?” ಎಂದು ಸಾಹೇಬರು ಕೇಳಿದರು. ಪಂಚನಾಮೆಯಲ್ಲಿ ಜಪ್ತಿಯಾದ ನನ್ನ ಸ್ಥಿತಿಗತಿ ಬರೆಯಬೇಕಿತ್ತು.

“ಇಲ್ರಿ ಸಾಹೇಬ್ರ,” ಎಂದ ಹವಾಲ್ದಾರ ಯೋನಾತಾನ.

ನಾನೊಂದು ಹಾರ್ಮೋನಿಯಂ. ಹುಬ್ಬಳ್ಳಿಯ ಬಡಗಿಯೊಬ್ಬ ಸಾಗವಾನಿ ಹಲಗೆ ಉಜ್ಜಿ, ಹಿತ್ತಾಳೆಯ ನಾಲಗೆಗಳನ್ನು ಒಂದೊಂದಾಗಿ ಊದಿ ನೋಡಿ ನನ್ನನ್ನು ಮಾಡಿದ. ಅಲ್ಲಿಂದ ಗದಗಿನ ಕಡೆಯ ಸಣ್ಣದೊಂದು ಪ್ರಾರ್ಥನಾಮನೆಗೆ ಎತ್ತಿಕೊಂಡು ಬಂದವಳು ಅದನ್ನು ನಡೆಸುತ್ತಿದ್ದ ಮಾರ್ಥವ್ವ. ಯೋನಾತಾನನ ಬೆರಳು ಹಿಡಿದು ನನ್ನ ಮೇಲೆ ಇಟ್ಟವಳೂ ಅವಳೇ. ಮೂವತ್ತೈದು ವರ್ಷ ಅವನು ನನ್ನನ್ನು ನುಡಿಸಿದ. ಮೂರನೆಯ ಕರಿ ಕೀ ಅಂಟಿಕೊಂಡರೆ ಉಗುರಿನಿಂದ ಎಬ್ಬಿಸಬೇಕೆಂದು ಅವನೊಬ್ಬನಿಗೇ ಗೊತ್ತು.

ಪೊಲೀಸ್ ಕೆಲಸ ಸಿಕ್ಕಾಗ ಅವನು ಅಳುಕಿದ್ದ. ನಮ್ಮ ನಾಡು ಮೇಲೆ ಪರಲೋಕದಲ್ಲಿದೆ ಎಂದು ಹಾಡುವವನು ಇಲ್ಲಿನ ಖಾಕಿ ತೊಡಬಹುದೇ ಎಂದು ಕೇಳಿದ್ದ. ಮಾರ್ಥವ್ವ ನಕ್ಕಿದ್ದಳು.

“ಅಲ್ಲಿಗೆ ಹೋಗೂತನಕ ಇಲ್ಲಿ ಕೆಲಸ ನೆಟ್ಟಗ ಮಾಡಪಾ. ಸುಳ್ಳು ಹೇಳು ಅಂದ್ರ ಮಾತ್ರ ಟೊಪಗಿ ತಗದಿಟ್ಟು ಬಾ.”

ಪ್ರತಿ ಭಾನುವಾರ ಅವಳ ಮೊದಲ ಪ್ರಾರ್ಥನೆ ಅಧಿಕಾರದಲ್ಲಿರುವವರಿಗಾಗಿ. ಮಂತ್ರಿಯಿಂದ ತಲಾಠಿಯವರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಮುಗಿಯುವಷ್ಟರಲ್ಲಿ ಅರ್ಧ ಸಭೆ ತೂಕಡಿಸುತ್ತಿತ್ತು.

ನನ್ನನ್ನು ಜಪ್ತಿ ಮಾಡಿದ ಭಾನುವಾರ ಅದೇ ಪ್ರಾರ್ಥನೆಯ ನಡುವೆ ಪೊಲೀಸರು ಬಂದರು, ಡ್ಯೂಟಿಯ ಮೇಲಿದ್ದ ಯೋನಾತಾನನೂ ಬಂದ. ಸೀರೆ ಹಂಚಿ ಜನರನ್ನು ಮತಾಂತರ ಮಾಡುತ್ತಾಳೆಂದು ಯಾರೋ ದೂರು ಕೊಟ್ಟಿದ್ದರಂತೆ. ಅವಳಿಗೆ ಇದ್ದದ್ದೇ ಎರಡು ಸೀರೆ, ಎರಡಕ್ಕೂ ಹೊಲಿಗೆ ಬಿದ್ದಿತ್ತು. ಅವಳನ್ನೂ ನನ್ನನ್ನೂ ಒಂದೇ ಜೀಪಿನಲ್ಲಿ ಹೇರಿದರು.

ಠಾಣೆಯಲ್ಲಿ ಸಾಹೇಬರು ಯೋನಾತಾನನ ಮುಂದೆ ಹಾಳೆ ಇಟ್ಟರು. ಸೀರೆ ಹಂಚುವುದನ್ನು ಕಣ್ಣಾರೆ ಕಂಡೆ ಎಂದು ಅದರಲ್ಲಿತ್ತು. ಅವಳ ಮತದವನೇ ಹೇಳಿದರೆ ಕೋರ್ಟು ನಂಬುತ್ತದೆ, ಇಲ್ಲವಾದರೆ ನಿನ್ನ ನೌಕರಿ ಉಳಿಯುವುದಿಲ್ಲ ಎಂದರು. ನಿವೃತ್ತಿಗೆ ಇನ್ನೆರಡೇ ವರ್ಷವಿತ್ತು. ಬೆಂಚಿನ ಮೇಲಿದ್ದ ಮಾರ್ಥವ್ವ ಅವನ ಮುಖ ನೋಡಲಿಲ್ಲ, ಟೊಪ್ಪಿಗೆ ನೋಡುತ್ತಿದ್ದಳು.

ಟೊಪ್ಪಿಗೆ ತಲೆಯ ಮೇಲೆಯೇ ಇತ್ತು. ಅವನು ಸಹಿ ಹಾಕಿದ.

ನನಗೆ ನಂಬರು ಚೀಟಿ ಅಂಟಿಸಿ ಠಾಣೆಯ ಜಪ್ತಿ ಮಾಲಿನ ಕೋಣೆಗೆ ತಳ್ಳಿದರು. ಜಾಮೀನು ಸಿಗುವ ಮೊದಲೇ ಮಾರ್ಥವ್ವ ಜೈಲಿನಲ್ಲಿ ತೀರಿಕೊಂಡಳು. ಅಲ್ಲಿಯೂ ದಿನವೂ ಪ್ರಾರ್ಥನೆ ಮಾಡುತ್ತಿದ್ದಳಂತೆ. ಮಂತ್ರಿಗಿಂತ ಮೊದಲು ಯಾರೋ ಒಬ್ಬ ಹವಾಲ್ದಾರನ ಹೆಸರು ಹೇಳುತ್ತಿದ್ದಳಂತೆ. ಬಾಗಿಲಲ್ಲಿ ನಿಂತ ಪೇದೆಗಳ ಮಾತು ಇದು. ನಾನು ಮರ, ನನ್ನ ನಾಡು ಈ ಮೂಲೆಯೊಂದೇ. ಎರಡು ನಾಡಿಗೆ ಸೇರಿದವರ ಸಂಕಟವನ್ನು ನಾನು ಬಲ್ಲೆನೆಂದು ಹೇಗೆ ಹೇಳಲಿ?

ನಿವೃತ್ತಿಯ ದಿನ ಯೋನಾತಾನ ಕೋಣೆಯ ಕೀಲಿಕೈ ಒಪ್ಪಿಸಲು ಬಂದ.

“ಇದು ಇನ್ನೂ ನುಡೀತೈತೇನ್ರಿ ಸರ್?” ಎಂದು ಹೊಸದಾಗಿ ಬಂದ ಮಹಿಳಾ ಪೇದೆ ಕೇಳಿದಳು.

“ನೋಡೂಣು ತಡಿಯವಾ. ಮೂವತ್ತೈದು ವರ್ಷ ನಾನ ನುಡಿಸೇನಿ ಇದನ್ನ.”

ಟೊಪ್ಪಿಗೆ ತೆಗೆದು ನನ್ನ ಮೇಲಿಟ್ಟ. ಅಂಟಿದ ಕರಿ ಕೀಯನ್ನು ಉಗುರಿನಿಂದ ಎಬ್ಬಿಸಿದ. ತಿದಿ ಒತ್ತಿದ. ಇಲಿ ಕಡಿದ ತೂತಿನಿಂದ ಬರೀ ಗಾಳಿ ಹೊರಬಿದ್ದು, ನೆಲದ ದೂಳು ಎದ್ದಿತು.