ಹದಿನೇಳನೇ ಗುರುತು

ಆಕಾಶದಿಂದ ತೆಗೆದ ಚಿತ್ರದಲ್ಲಿ ಹಸಿರೆಲ್ಲ ಕೆಂಪಾಗಿ ಕಾಣುತ್ತದೆ ಎಂಬುದಕ್ಕೆ ಒಗ್ಗಿಕೊಳ್ಳಲು ವನಜಾಕ್ಷಿಗೆ ಒಂದು ವಾರವೇ ಹಿಡಿಯಿತು. ತಿಪಟೂರಿನಲ್ಲಿ ಭೂಗೋಳ ಓದಿ ಮನೆಯಲ್ಲಿ ಕೂತಿದ್ದವಳಿಗೆ ಸಿಕ್ಕ ಮೊದಲ ಕೆಲಸ ಅದು. ಮೇಲಿನವರಾದ ಕಾಂತೇಶ್ ಉಪಗ್ರಹದ ಚಿತ್ರದ ಮೇಲೆ ಮೂವತ್ತು ಕಡೆ ಗುರುತು ಹಾಕಿಕೊಟ್ಟಿದ್ದರು. ಅವಳು ಜಿಪಿಎಸ್ ಹಿಡಿದು ಆಯಾ ಜಾಗಕ್ಕೆ ಹೋಗಿ, ಅಲ್ಲಿ ನಿಜಕ್ಕೂ ಇರುವುದು ತೆಂಗೋ, ರಾಗಿಯೋ, ಬೀಳು ನೆಲವೋ, ನೀರೋ ಎಂದು ಬರೆಯಬೇಕು. ಅದನ್ನೇ ಕಂಪ್ಯೂಟರ್ ಪಾಠವಾಗಿ ಕಲಿತು, ಅಂಥದೇ ಬಣ್ಣ ಕಂಡಲ್ಲೆಲ್ಲ ಅದೇ ಹೆಸರಿಟ್ಟು ಇಡೀ ತಾಲ್ಲೂಕಿನ ನಕ್ಷೆ ಮಾಡುತ್ತದೆ. ಮಳೆ ಕೈಕೊಟ್ಟ ಎರಡು ಸಾವಿರದ ಮೂರನೇ ಇಸವಿಯಲ್ಲಿ ಜನಕ್ಕೆ ಉಣ್ಣಲು ಎಷ್ಟು ರಾಗಿ ಇದೆ ಎಂದು ತಿಳಿಯುವ ದಾರಿ ಅದು.

ಹದಿನೇಳನೇ ಗುರುತು ನೊಣವಿನಕೆರೆಯಾಚೆಯ ಒಂದು ಪುಟ್ಟ ಊರಿನ ಕೆರೆಯ ಮೇಲಿತ್ತು. ಹಳೆಯ ನಕ್ಷೆಯಲ್ಲಿ ಅಲ್ಲಿ ನೀಲಿ, ಹೊಸ ಚಿತ್ರದಲ್ಲಿ ಕೆಂಪು. ಕೆರೆಯ ಏರಿ ಹತ್ತಿ ನೋಡಿದರೆ ನೀರಿರಬೇಕಾದ ಅಂಗಳದ ತುಂಬ ರಾಗಿ. ತೆನೆ ಇನ್ನೂ ಹಸಿರು.

ಅಂಚಿನಲ್ಲಿ ಹುಲ್ಲು ಕೀಳುತ್ತಿದ್ದ ತಿಮ್ಮಕ್ಕ ಎಂಬ ಆ ಊರಿನ ಹೆಂಗಸು ಎದ್ದು ಬಂದು, ಏನು ಬರೆದುಕೊಳ್ಳುತ್ತಿ ಎಂದು ಕೇಳಿದಳು. ವನಜಾಕ್ಷಿ ತಡವರಿಸುತ್ತ ಹೇಳಿದಳು. ಕೇಳುತ್ತ ಕೇಳುತ್ತ ತಿಮ್ಮಕ್ಕನ ಮುಖ ಸಣ್ಣದಾಯಿತು. ಎರಡು ವರ್ಷ ಕೆರೆ ತುಂಬದಿದ್ದರೆ ಊರವರು ಹಗ್ಗ ಹಿಡಿದು ಅಂಗಳ ಅಳೆದು ಪಟ್ಟಿ ಪಟ್ಟಿಯಾಗಿ ಹಂಚುತ್ತಾರಂತೆ, ತೆಂಗಿನ ತೋಟವಿಲ್ಲದ ಮನೆಗೆ ಮೊದಲು. ತಿಮ್ಮಕ್ಕನ ಮನೆಗೆ ವರ್ಷದ ಹಿಟ್ಟು ಇದೇ. ಆದರೆ ಕೆರೆ ಸರ್ಕಾರದ್ದು. ಹೋದ ವರ್ಷ ಪಕ್ಕದ ಊರಲ್ಲಿ ಯಾರೋ ಹೀಗೇ ಬರೆದುಕೊಂಡು ಹೋದ ಎಂಟು ದಿನಕ್ಕೆ ನಿಂತ ಪೈರಿನ ಮೇಲೆ ಸರ್ಕಾರದವರ ಟ್ರ್ಯಾಕ್ಟರ್ ಹರಿದಿತ್ತು.

“ಕೆರೆ ಅಂತ ಬರ್ಕೊ ಕಣವ್ವ. ಕೆರೇನೇ ಅಲ್ವಾ ಇದು?”

“ನೀರಿಲ್ವಲ್ಲ…”

“ಮಳೆ ಆದ್ರೆ ನೀರು ಬತ್ತದೆ ಬುಡು. ನಿಂಗ್ಯಾಕೆ ಅವಸ್ರ?”

ವನಜಾಕ್ಷಿಗೆ ನಗು ಬರಬೇಕಿತ್ತು, ಬರಲಿಲ್ಲ. ನೀರು ಎಂದು ಬರೆದರೆ ಕಂಪ್ಯೂಟರ್ ಈ ಬಣ್ಣದ ರಾಗಿಯನ್ನೆಲ್ಲ ನೀರೆಂದೇ ಕಲಿಯುತ್ತದೆ; ತಾಲ್ಲೂಕಿನ ಅರ್ಧ ರಾಗಿ ನಕ್ಷೆಯಲ್ಲಿ ಮುಳುಗಿಹೋಗುತ್ತದೆ. ರಾಗಿ ಎಂದು ಬರೆದರೆ ಈ ಹೆಂಗಸಿನ ಅನ್ನಕ್ಕೆ ಕಲ್ಲು. ಯಾವುದು ನಿಜವೆಂದು ಅವಳಿಗೆ ಗೊತ್ತಿತ್ತು, ಯಾವುದು ಸರಿ ಎಂದು ಗೊತ್ತಾಗಲಿಲ್ಲ. ಪೆನ್ನು ಊರಿದಳು, ಎತ್ತಿದಳು. ಯೋಚಿಸಲು ಒಂದು ದಿನ ಸಿಕ್ಕರೆ ಸಾಕೆನಿಸಿತು.

“ನಾಳೆ ಬಂದು ಬರೀತೀನಿ,” ಅಂದಳು.

“ನಾಳೆ ಯಾರನ್ನ ಕರ್ಕೊಂಡು ಬತ್ತೀಯ?”

“ನಮ್ ಸರ್‌ನ.”

ತಿಮ್ಮಕ್ಕ ಕಿತ್ತ ಹುಲ್ಲನ್ನು ಅಲ್ಲೇ ಬಿಟ್ಟು ಸರಸರನೆ ಊರಿನ ಕಡೆ ನಡೆದಳು.

ಮರುದಿನ ಜೀಪಿನಲ್ಲಿ ಬರುವಾಗ ವನಜಾಕ್ಷಿ ಬಳಸಿ ಬಳಸಿ ಕೇಳಿದಳು, ನಕ್ಷೆ ಯಾವಾಗ ಆಗುತ್ತೆ ಸರ್ ಎಂದು. ಯುಗಾದಿ ಕಳೆಯಬೇಕು, ಅದರಲ್ಲಿ ಯಾರ ಹೆಸರೂ ಸರ್ವೆ ನಂಬರೂ ಇರುವುದಿಲ್ಲ ಎಂದರು ಕಾಂತೇಶ್. ಅಷ್ಟರಲ್ಲಿ ರಾಗಿ ಮನೆ ಸೇರಿರುತ್ತದೆ. ವನಜಾಕ್ಷಿಯ ಎದೆ ಹಗುರಾಯಿತು. ಆದರೂ ಆಮೇಲೆ ಯಾರಾದರೂ ಹಳೆಯ ನಕ್ಷೆಯನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ?

ಏರಿಯ ಮೇಲೆ ಜೀಪು ನಿಂತಿತು. ಕೆಳಗೆ ಊರಿಗೆ ಊರೇ ಕುಡುಗೋಲು ಹಿಡಿದು ಬಗ್ಗಿತ್ತು. ಮುಕ್ಕಾಲು ಅಂಗಳ ಬೋಳಾಗಿ, ಹಸಿ ತೆನೆಯ ಕಂತೆಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಇನ್ನೂ ಹದಿನೈದು ದಿನ ನಿಲ್ಲಬೇಕಿದ್ದ ಬೆಳೆಯನ್ನು ಯಾಕೆ ಕೊಯ್ಯುತ್ತಿದ್ದಾರೆಂದು ಕಾಂತೇಶ್‌ಗೆ ತಿಳಿಯಲಿಲ್ಲ. ಜೀಪು ಕಂಡು ಕುಡುಗೋಲುಗಳು ಇನ್ನೂ ಬಿರುಸಾದವು.

ವನಜಾಕ್ಷಿ ಓಡಿದಳು.

“ತಿಮ್ಮಕ್ಕ, ನಿಲ್ಸಿ. ಯುಗಾದಿವರೆಗೂ ಯಾರೂ ಬರಲ್ಲ.”

“ನೆನ್ನೆ ನಾಳೆ ಅಂದೆ, ಇವತ್ತು ಯುಗಾದಿ ಅಂತೀಯ. ಯಾವುದ್ನ ನಂಬ್ಲವ್ವ?”

ಹದಿನೇಳಕ್ಕೆ ಏನು ಬರೆದೆ ಎಂದು ಕಾಂತೇಶ್ ಮೇಲಿನಿಂದ ಕೂಗಿ ಕೇಳಿದರು. ವನಜಾಕ್ಷಿ ಕೊಯ್ದ ರಾಗಿಯ ಕೂಳೆಯ ನಡುವೆ ನಿಂತಿದ್ದಳು. ತಿಮ್ಮಕ್ಕ ಒಂದು ತೆನೆ ಮುರಿದು ಅಂಗೈಯಲ್ಲಿ ಉಜ್ಜಿದಳು. ಕಾಳಿನ ಬದಲು ಬೆಳ್ಳಗೆ ಹಾಲು ಅಂಟಿತು. ಅದನ್ನು ಸೀರೆಗೆ ಒರೆಸಿಕೊಂಡು ಮುಂದಿನ ಸಾಲಿಗೆ ಬಗ್ಗಿದಳು.