ಬಲಗೊಂಬಿಗೆ ಕಟ್ಟಿದ ಬಟ್ಟೆ

"ಕೊಂಬು ಹೆರಿ ಅಂದ್ರೆ ಎತ್ತಿನ ಪ್ರಾಣಾನೇ ಹೆರ್ದಿದ್ದೀಯಲ್ಲೋ! ಕಣ್ಣೆಲ್ಲಿಟ್ಟಿದ್ದೆ, ಮುಂಡೇದೆ?"

ನಾನು ಕೂಗಿದ್ದು ಕೊಂಬು ಹೆರೆಯುವ ಜವನಯ್ಯನ ಮೇಲೆ, ನಮ್ಮ ಅಂಗಳದಲ್ಲಿ, ನೆರೆಯವರೆಲ್ಲರ ಎದುರಿಗೆ. ಎತ್ತಿನ ಬಲಗೊಂಬಿನಿಂದ ಇಳಿದ ರಕ್ತ ಅದರ ಬಿಳಿ ಹಣೆಯ ಮೇಲೆ ಗೆರೆಯಾಗಿ ಒಣಗಿತ್ತು.

ಆ ಎತ್ತಿನ ಎಡಗೊಂಬು ಬಿಲ್ಲಿನಂತೆ ಹಿಂದಕ್ಕೆ ಬಾಗಿತ್ತು. ಬಲದ್ದು ಹೊರಕ್ಕೆ ಚಾಚಿತ್ತು. ಹಾಗೇ ಬಿಟ್ಟರೆ ನೊಗದಲ್ಲಿ ಜೊತೆಯ ಎತ್ತಿನ ಕಣ್ಣಿಗೆ ಕುತ್ತು. ಅದನ್ನು ತಿದ್ದಲು ಜವನಯ್ಯ ತಿಂಗಳಿಗೊಮ್ಮೆ ಬರುತ್ತಿದ್ದ. ಅವನು ತೋಳು ನೀಡಿದರೆ ಸಾಕು, ಎತ್ತು ತಾನೇ ತಲೆ ತಗ್ಗಿಸಿ ಕೊಂಬನ್ನು ಒರಗಿಸುತ್ತಿತ್ತು. ಗಾಜಿನ ಚೂರಿನಿಂದ ಒಂದು ಮಗ್ಗುಲನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಹೆರೆದು, ಹರಳೆಣ್ಣೆ ಸವರಿ, ಹಗ್ಗ ಬಿಗಿದು ಹೋಗುತ್ತಿದ್ದ.

"ಒಳಗೆ ಜೀವ ಐತೆ ತಮ್ಮಾ. ಅದು ಬಾಗೋಗಂಟ ನಾವು ಕಾಯ್ಬೇಕು."

ಎರಡು ವರ್ಷ ಕಾದಿದ್ದೆ. ಕಾಯುವುದು ನನ್ನ ಜಾಯಮಾನವಲ್ಲ.

ಹಿಂದಿನ ದಿನವಷ್ಟೇ ಹೆರೆದುಹೋಗಿದ್ದ ಜವನಯ್ಯನನ್ನು ಬೆಳಿಗ್ಗೆಯೇ ಕರೆಸಿದ್ದೆ. ಅವನು ಕೊಂಬನ್ನು ತೋಳಿಗೆ ಒರಗಿಸಿಕೊಂಡು ಗಾಯವನ್ನೇ ನೋಡಿದ.

"ವಯಸ್ಸಾತು, ಕೈ ನಡುಗ್ತದೆ ಅಂತ ನಾನಾಗ್ಲೇ ಅಂದಿದ್ದೆ," ಎಂದ ಪಕ್ಕದ ಮನೆಯ ಹುಚ್ಚೀರಯ್ಯ. "ನಮ್ ಹೋರಿ ಮುಟ್ಬೇಡ ಕಣಪ್ಪಾ ಇನ್ಮೇಲೆ."

ಉಳಿದವರೂ ತಲೆಯಾಡಿಸಿದರು. ಆ ಕೈಯ ಮೇಲೆ ಊರು ಇಟ್ಟ ನಂಬಿಕೆಯೇ ಜವನಯ್ಯನ ಅನ್ನ.

ಅವನು ತನ್ನ ರುಮಾಲಿನ ಅಂಚು ಹರಿದ. ಗಾಯಕ್ಕೆ ಅರಿಶಿನ ಒತ್ತಿ, ಯಾರೂ ಹತ್ತಿರ ಬಂದು ನೋಡುವ ಮೊದಲೇ ಬಟ್ಟೆ ಸುತ್ತಿಬಿಟ್ಟ. ಆಮೇಲೆ ನನ್ನ ಕಿವಿಯ ಬಳಿ ಬಗ್ಗಿದ.

"ನಾನು ಬುಡದಿಂದ ತುದೀಗೆ ಹೆರೀತೀನಿ. ಇದು ತುದಿಯಿಂದ ಬುಡಕ್ಕೆ ಇಳಿದೈತೆ. ಅದೂ ಎಡಗೈನಾಗೆ. ಬಟ್ಟೆ ಬಿಚ್ಬೇಡ, ಯಾರಾದ್ರೂ ನೋಡ್ಯಾರು."

ಅವ್ವ ಎಷ್ಟು ಹೊಡೆದರೂ ಎಡಗೈ ಬಿಡದವನು ನಾನು, ಊರಿಗೆಲ್ಲ ಗೊತ್ತು. ಹಿಂದಿನ ಸಂಜೆ ಅವನು ಹೋದಮೇಲೆ, ಬೇಗ ಬಾಗಲಿ ಎಂದು ಗಾಜಿನ ಚೂರು ಹಿಡಿದವನು ನಾನೇ.

ಅದನ್ನು ಹೇಳಲೆಂದೇ ಬಾಯಿ ತೆರೆದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ನಡಿಯಾಚೆ! ಇನ್ನೊಂದ್ಸಲ ಈ ಅಂಗಳ ತುಳಿದೀಯಾ!"

ಜವನಯ್ಯ ಎತ್ತಿನ ಕೊರಳಡಿಯ ಗಂಗೆದೊಗಲನ್ನು ಒಮ್ಮೆ ಸವರಿ, ಹರಿದ ರುಮಾಲನ್ನೇ ತಲೆಗೆ ಸುತ್ತಿಕೊಂಡು ಬೇಲಿ ದಾಟಿದ. ಆಮೇಲೆ ಊರಲ್ಲಿ ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ನಾನೂ ಕರೆಯಲಿಲ್ಲ. ಸುಗ್ಗಿಯ ಹೊತ್ತಿಗೆ ಅವನ ಗುಡಿಸಲಿಗೆ ಬೀಗ ಬಿದ್ದಿತ್ತು.

ಬಟ್ಟೆಯನ್ನು ನಾನು ಬಹಳ ದಿನ ಬಿಚ್ಚಲಿಲ್ಲ. ಬೇಲಿಯ ಬಳಿ ಯಾರ ಹೆಜ್ಜೆ ಕೇಳಿದರೂ ಎತ್ತು ತಲೆ ತಗ್ಗಿಸಿ, ಆ ಕೊಂಬನ್ನು ಮುಂದಕ್ಕೆ ನೀಡಿ, ಅಲುಗದೆ ನಿಲ್ಲುತ್ತಿತ್ತು.